ಅರ್ಕಾವತಿಯ ಹದಿನೇಳನೇ ಬಾಗಿಲು

"ಒಂದೇ ಕಮ್ಯಾಂಡ್ ಸಾರ್, ಒಂದೇ!" ಎಂದು ನಿರ್ದೇಶಕರ ಮೂಗಿನ ಮುಂದೆ ನಾನು ತೋರುಬೆರಳು ಎತ್ತಿದ್ದು ಸೋಮವಾರ. ಅದೇ ಬೆರಳು ಗುರುವಾರ ಸರ್ವರ್ ರೂಮಿನ ನೆಲದ ಹಲಗೆಗೂ ಅದನ್ನು ಹೊತ್ತ ಕಬ್ಬಿಣದ ಕಾಲಿಗೂ ನಡುವೆ ಸಿಕ್ಕಿಕೊಂಡಿತ್ತು. ಈಗಲೂ ಮೋಡ ಕಟ್ಟಿದರೆ ಹವಾಮಾನ ಇಲಾಖೆಗಿಂತ ಮೊದಲು ನನಗೆ ಸುದ್ದಿ ಕೊಡುವುದು ಅದೇ.

ಸಂಸ್ಥೆಗೆ ಸಮಿತಿ ಬರುವುದಿತ್ತು. ಸಮಿತಿ ಬರುತ್ತದೆಂದರೆ ಗೊತ್ತಲ್ಲ, ಹೂಕುಂಡಗಳಿಗೆ ಕೆಮ್ಮಣ್ಣು ಬೀಳುತ್ತದೆ, ಕೆಟ್ಟ ಲಿಫ್ಟಿನ ಮುಂದಿನ 'ದುರಸ್ತಿಯಲ್ಲಿದೆ' ಎಂಬ ಹಳೇ ಬೋರ್ಡು ಹೋಗಿ 'ದುರಸ್ತಿಯಲ್ಲಿದೆ' ಎಂಬ ಹೊಸ ಬೋರ್ಡು ಬರುತ್ತದೆ. ನನ್ನ ಪಾಲಿಗೆ ಬಂದದ್ದು ಕ್ಲಸ್ಟರಿನ ನಕ್ಷೆ. ಕಾಗದದ ಪ್ರಕಾರ 96 ಕಂಪ್ಯೂಟರು, 9 ಸ್ವಿಚ್ಚು, 204 ಕೇಬಲ್ಲು. "ಬಣ್ಣಬಣ್ಣದ್ದಾಗಿರಲಿ" ಎಂದರು ನಿರ್ದೇಶಕರು. ಹಳೆಯದೊಂದು ನಕ್ಷೆ ಇತ್ತು, ಮಾರಿದವರು ಕೊಟ್ಟದ್ದು. ಅದರ ನಡುವೆ ಒಂದು ಮೋಡ, ಮೋಡದ ಸುತ್ತ ಕಂಪ್ಯೂಟರುಗಳು. ನಕ್ಷೆ ಬರೆಯುವವನು ಮೋಡ ಬರೆದನೆಂದರೆ ಅಲ್ಲಿ ಏನಿದೆಯೆಂದು ಅವನಿಗೆ ಗೊತ್ತಿಲ್ಲ ಎಂದರ್ಥ.

ನಮ್ಮದು ಮನೆಯ ವೈಫೈ ಜಾತಿಯ ಜಾಲವಲ್ಲ, ಇನ್ಫಿನಿಬ್ಯಾಂಡ್. 1999ರಲ್ಲಿ ದಾಯಾದಿಗಳಂತೆ ಪೈಪೋಟಿಗೆ ಬಿದ್ದಿದ್ದ ಎರಡು ಬಣಗಳು ರಾಜಿಯಾಗಿ ಒಂದೇ ಸೂರಿನಡಿ ಬಂದಾಗ ಹುಟ್ಟಿದ ಕೂಸು. 2003ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್‌ನವರು 1100 ಆಪಲ್ ಕಂಪ್ಯೂಟರುಗಳನ್ನು ಸಾಲಾಗಿ ಜೋಡಿಸಿ, ಈ ತಂತಿಯಲ್ಲಿ ಹೆಣೆದು, ಜಗತ್ತಿನ ಮೂರನೇ ಅತಿ ವೇಗದ ಗಣಕವೆಂದು ಪಟ್ಟಿಗೆ ಏರಿಸಿದರು. ಆ ಫೋಟೋ ನೋಡಿಯೇ ನಾನು ಈ ಕೆಲಸಕ್ಕೆ ಬಿದ್ದವನು. ನಮ್ಮ ಜಾಲ ಸೆಕೆಂಡಿಗೆ 40 ಗಿಗಾಬಿಟ್‌ನದು ಎಂದು ಎಲ್ಲರೆದುರು ಕೊಚ್ಚಿಕೊಳ್ಳುತ್ತೇನೆ. ನಿಜಕ್ಕೂ ಕೈಗೆ ಸಿಗುವುದು 32. ಎಂಟು ಬಿಟ್ ಸರಕು ಸಾಗಿಸಲು ಅದು ಹತ್ತು ಬಿಟ್ ಕಳಿಸುತ್ತದೆ, ಎರಡು ದಾರಿಖರ್ಚು. ನಮ್ಮ ಕಚೇರಿಗಳ ರೂಢಿಗೆ ಹೋಲಿಸಿದರೆ ಇದು ಪ್ರಾಮಾಣಿಕತೆಯೇ.

ನಾನು ಬೆರಳೆತ್ತಿ ಹೊಗಳಿದ ಕಮ್ಯಾಂಡಿನ ಹೆಸರು ಐಬಿನೆಟ್‌ಡಿಸ್ಕವರ್. ಕಪ್ಪು ಪರದೆಯ ಮೇಲೆ ಅದನ್ನು ಟೈಪಿಸಿ ಎಂಟರ್ ಒತ್ತಿದರೆ ಇಡೀ ಜಾಲದ ಜಾತಕ ಹೊರಬೀಳುತ್ತದೆ. ಅದರ ರೀತಿ ಯಾವುದೆಂದರೆ, ಮದುವೆಮನೆಯಲ್ಲಿ ಊಟದ ಪಂಕ್ತಿಗೆ ಮುಂಚೆ ಸಿಗುವ ದೊಡ್ಡಮ್ಮನದು. ಮೊದಲು ಪಕ್ಕದವರನ್ನು ಹಿಡಿಯುವುದು: ನೀನು ಯಾರು, ನಿನಗೆ ಎಷ್ಟು ಬಾಗಿಲು? ಮೂವತ್ತಾರು ಬಾಗಿಲಿನ ಸ್ವಿಚ್ಚು ಸಿಕ್ಕಿತೋ, ಒಂದೊಂದೇ ಬಾಗಿಲು ತಟ್ಟಿ ಆಚೆ ಯಾರಿದ್ದಾರೆಂದು ಕೇಳುವುದು. ಅವರು ಸಿಕ್ಕರೆ ಅವರ ಬಾಗಿಲುಗಳು. ಹೀಗೆ ಬೀಗರ ಬೀಗರವರೆಗೆ. ಒಬ್ಬರೇ ಎರಡು ದಾರಿಯಲ್ಲಿ ಸಿಕ್ಕರೂ ದೊಡ್ಡಮ್ಮ ಮೋಸ ಹೋಗುವುದಿಲ್ಲ, ಏಕೆಂದರೆ ಪ್ರತಿಯೊಬ್ಬರ ಮೈಮೇಲೂ ಕಾರ್ಖಾನೆಯಲ್ಲೇ ಹಚ್ಚೆ ಹಾಕಿದ ಹದಿನಾರು ಅಕ್ಷರದ ಗುರುತು ಇರುತ್ತದೆ, ಗೈಡ್ ಅಂತ. ಇದಲ್ಲದೆ ಸಬ್‌ನೆಟ್ ಮ್ಯಾನೇಜರ್ ಎಂಬ ಶಾನುಭೋಗ ಪ್ರತಿಯೊಬ್ಬರಿಗೂ ಕೊಡುವ ಲಿಡ್ ಎಂಬ ಚಿಕ್ಕ ನಂಬರೂ ಉಂಟು. ಅದು ಲಾಡ್ಜಿನ ರೂಮ್ ನಂಬರಿನಂತೆ, ನೆಚ್ಚಿಕೊಳ್ಳಬಾರದು. ಹಚ್ಚೆ ಮಾತ್ರ ಸಾಯುವವರೆಗೆ.

ಮೊದಲ ಸಲ ಹೊಡೆದಾಗ ಯಂತ್ರ 'ಯುಮ್ಯಾಡ್' ತೆರೆಯಲಾಗುತ್ತಿಲ್ಲ ಎಂದು ಬೈದು ಸುಮ್ಮನಾಯಿತು. ಅದು ಯಾವುದೋ ಕಿಂಡಿಯ ಹೆಸರು, ರೂಟ್ ಅಧಿಕಾರವಿಲ್ಲದೆ ತೆರೆಯದು. ಆದರೂ ಬೆಳಿಗ್ಗೆ ಹತ್ತು ಗಂಟೆಗೇ 'ಯು ಮ್ಯಾಡ್' ಅನ್ನಿಸಿಕೊಂಡದ್ದು ಒಳ್ಳೆಯ ಶಕುನವಾಗಿರಲಿಲ್ಲ. ರೂಟ್ ಆಗಿ ಮತ್ತೆ ಹೊಡೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರ ಸಾಲು ಜರ್ರೆಂದು ಸುರಿದವು.

ಇಲ್ಲಿಗೆ ನಿಲ್ಲಿಸಿದ್ದರೆ ಬೆರಳು ಉಳಿಯುತ್ತಿತ್ತು. ನಾನು ಅದನ್ನು ಪ್ರಿಂಟ್ ತೆಗೆದೆ. ಕಾಗದದ ಮೇಲೆ ಬಂದದ್ದಕ್ಕೆ ಒಂದು ಗಾಂಭೀರ್ಯವಿದೆ ಎಂದು ನಂಬುವ ತಲೆಮಾರಿನವನು ನಾನು. ಮಿತವ್ಯಯಕ್ಕೆಂದು ಇರುವೆಯಷ್ಟು ಅಕ್ಷರ, ಹನ್ನೆರಡು ಹಾಳೆ. ಪ್ರಿಂಟರಿನ ಟೋನರು ಕೊನೆಯುಸಿರಿನಲ್ಲಿತ್ತು. ಸಾಲುಗಳ ಬಾಲ ಹಾಳೆಯಂಚಿನ ಆಚೆ ಬಿದ್ದುಹೋಗಿತ್ತು, ಹೆಸರು ಮತ್ತು ಲಿಡ್ ಇರುತ್ತಿದ್ದದ್ದು ಆ ಬಾಲದಲ್ಲೇ. ಕೆಂಪು ಪೆನ್ನು ಹಿಡಿದು, ಪರೀಕ್ಷೆಯ ಮೌಲ್ಯಮಾಪಕನಂತೆ ಕೂತೆ. ನಾಲ್ಕನೇ ಹಾಳೆಯಲ್ಲಿ ಕಳ್ಳ ಸಿಕ್ಕ.

ನಾಲ್ಕನೇ ಸ್ವಿಚ್ಚಿನ 17 ಮತ್ತು 18ನೇ ಬಾಗಿಲು ಖಾಲಿ ಇರಬೇಕಿತ್ತು. ಇರಲಿಲ್ಲ. ಎರಡೂ ತಂತಿಗಳು 'ನಾಲ್ಕು, ಆರು, ಆರು, ಸೊನ್ನೆ' ಎಂದು ಕೊನೆಯಾಗುವ ಹಚ್ಚೆಯವನ ಮನೆಗೆ ಹೋಗಿದ್ದವು. ಅಂಥ ಹಚ್ಚೆಯವನು ನಮ್ಮ ಒಂಬತ್ತರಲ್ಲಿ ಯಾರೂ ಇಲ್ಲ! ಇನ್ನೊಬ್ಬರ ಮನೆಯ ಸಾಲಿನಲ್ಲಿ ಹೆಸರಿದೆ, ತನ್ನದೇ ಮನೆ ಪಟ್ಟಿಯಲ್ಲಿ ಇಲ್ಲ. ಬಾಗಿಲು ಬಾಗಿಲು ತಟ್ಟುವ ದೊಡ್ಡಮ್ಮ ಹೀಗೆ ಅರ್ಧಕ್ಕೆ ಬಿಡುವವಳೇ ಅಲ್ಲ ಎಂಬ ಸರಳ ಅನುಮಾನ ನನಗೆ ಬರಬೇಕಿತ್ತು. ಬಂದದ್ದು ರೋಮಾಂಚನ. ಹತ್ತನೇ ಸ್ವಿಚ್ಚು! ಕಟ್ಟಡದಲ್ಲಿ ಎಲ್ಲೋ ಬಚ್ಚಿಟ್ಟದ್ದು! ಒಂದಲ್ಲ, ಜೋಡಿ ತಂತಿಯಲ್ಲಿ ನಮ್ಮ ಜಾಲಕ್ಕೆ ಕನ್ನ!

ಶಂಕೆ ಯಾರ ಮೇಲೆಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ಪಕ್ಕದ ವಿಭಾಗದಲ್ಲಿ ಒಬ್ಬ ಪ್ರೊಫೆಸರರಿದ್ದಾರೆ. ಹದಿನಾರು ಕಂಪ್ಯೂಟರು ಕಾದಿರಿಸಿ ಅದರಲ್ಲಿ ಒಂದೇ ಒಂದರ ಒಂದೇ ಕೋರ್ ಬಳಸುತ್ತಾರೆ. ಉಳಿದ ಹದಿನೈದು ಮದುವೆ ಛತ್ರದ ಬಾಡಿಗೆ ಕುರ್ಚಿಗಳಂತೆ ಖಾಲಿ ಕೂತಿರುತ್ತವೆ. ಬೇರೆ ವಿದ್ಯಾರ್ಥಿಗಳು ಎರಡು ದಿನ ಸಾಲಿನಲ್ಲಿ ಕಾಯುತ್ತಾರೆ. ಹೇಳಿದರೆ "ಮುಂದೆ ಬೇಕಾಗಬಹುದಲ್ಲ" ಎನ್ನುತ್ತಾರೆ. ಇದನ್ನು ನಾನು ತಮಾಷೆಗೆ ಬರೆಯುತ್ತಿಲ್ಲ.

"ಸಾರ್, ಸ್ಕ್ರೀನಲ್ಲೇ ಆ ನಂಬರ್ ಒಂದ್ಸಲ ಸರ್ಚ್ ಮಾಡಿದ್ರೆ?" ಎಂದಳು ಟ್ರೈನಿ ಹುಡುಗಿ. ಡಿಪ್ಲೊಮಾ ಮುಗಿಸಿ ಬಂದು ಮೂರು ವಾರವಾಗಿತ್ತಷ್ಟೇ. "ಸಾಫ್ಟ್‌ವೇರನ್ನು ಪೂರ್ತಿ ನಂಬಬಾರದಮ್ಮ, ಕೇಬಲ್ ಹಿಡಿದು ಹೋಗಬೇಕು, ಅದು ಫೀಲ್ಡ್ ವರ್ಕ್" ಎಂದು ಉಪದೇಶಿಸಿ, ಷರಟಿನ ತೋಳು ಮಡಚಿ, ಹಲಗೆ ಎತ್ತುವ ಹೀರುಬಟ್ಟಲು ಹಿಡಿದು ಹೊರಟೆ.

ಸರ್ವರ್ ರೂಮಿನ ನೆಲ ನೆಲವಲ್ಲ. ಎರಡಡಿ ಚೌಕದ ಹಲಗೆಗಳು, ಅದರ ಕೆಳಗೆ ಒಂದು ಮೊಳ ಜಾಗ, ಅಲ್ಲಿ ಏಸಿಯ ಗಾಳಿ ಮತ್ತು ಕೇಬಲ್ಲುಗಳ ಸಂಸಾರ. 17ನೇ ಬಾಗಿಲಿನಿಂದ ಒಂದು ಕಿತ್ತಳೆ ಬಣ್ಣದ ಆಪ್ಟಿಕಲ್ ಕೇಬಲ್ ಇಳಿದಿತ್ತು. ಮೇಲಿನ ಸ್ವಿಚ್ಚುಗಳಿಗೆ ಹೋಗುವ ನೂರೆಂಟಕ್ಕೂ ಅದೇ ಕಿತ್ತಳೆ. ಗುಂಪಿನಲ್ಲಿ ಒಂದನ್ನು ಕಣ್ತಪ್ಪದಂತೆ ಹಿಂಬಾಲಿಸುವುದು ಕರಗದ ಜನಜಂಗುಳಿಯಲ್ಲಿ ಕೈಬಿಟ್ಟ ಮಗುವನ್ನು ಹುಡುಕಿದಂತೆ. ಹೊಟ್ಟೆಯ ಮೇಲೆ ಮಲಗಿ, ತಲೆಯನ್ನೂ ಎರಡು ತೋಳನ್ನೂ ಗುಂಡಿಗಿಳಿಸಿ, ಬಾಯಲ್ಲಿ ಟಾರ್ಚು ಕಚ್ಚಿದೆ. ಮೇಲೆ ಉಳಿದದ್ದು ಸೊಂಟದಿಂದ ಕೆಳಗಿನ ನಾನು.

"ನಾನು ಮೆಲ್ಲಗೆ ಎಳೀತೀನಿ, ಮೇಲೆ ಏನಾಗತ್ತೆ ಹೇಳು" ಎಂದೆ ಟಾರ್ಚು ಕಚ್ಚಿದ ಬಾಯಲ್ಲಿ.

"ಸಾರ್, ಅಲ್ಲಾಡ್ತಿದೆ!"

"ಎಳೀತಿರೋದು ನಾನೇ ತಾನೆ, ಅಲ್ಲಾಡದೆ ಏನು ಮಾಡತ್ತೆ?"

ಮುಂದಿನ ಹಲಗೆ ಎತ್ತಿದೆ. ಇನ್ನೆರಡಡಿ ಮುಂದಕ್ಕೆ ಹೋಗಿ ಎಳೆದೆ.

"ಸಾರ್, ಇದೂ ಅಲ್ಲಾಡ್ತಿದೆ!"

"ಗೊತ್ತಮ್ಮ!"

"ಅದಲ್ಲ ಸಾರ್, ಇದು!"

"ಅದೇ ಇದು, ಇದೇ ಅದು! ಒಂದೇ ಕೇಬಲ್ಲು!"

ಈ ಕೊನೆಯ ವಾಕ್ಯದಲ್ಲಿ ಪರಮಸತ್ಯವನ್ನೇ ನುಡಿದಿದ್ದೆ. ನುಡಿದವನಿಗೆ ತಿಳಿಯಲಿಲ್ಲ. ಆಗಲೇ ನನ್ನ ಕಾಲುಗಳ ಹತ್ತಿರ ಚಪ್ಪಲಿ ಸದ್ದಾಯಿತು.

"ನನ್ನ ಜಾಬು ಇನ್ನೂ ಕ್ಯೂನಲ್ಲೇ ಇದೆಯಲ್ಲ?" ಪ್ರೊಫೆಸರರು ನನ್ನ ಪಾದಗಳನ್ನು ಉದ್ದೇಶಿಸಿ ಕೇಳಿದರು.

ಕಳ್ಳ ತಾನಾಗಿ ಠಾಣೆಗೆ ಬಂದಿದ್ದಾನೆ. ನೆಲದಡಿಯಿಂದಲೇ ಪಾಟೀಸವಾಲು ಶುರುಮಾಡಿದೆ. "ಸಾರ್, ನಿಜ ಹೇಳಿ. ನಿಮ್ಮ ವಿಭಾಗದಲ್ಲಿ ಸ್ವಿಚ್ ಇದೆಯೋ?"

ಸ್ವಲ್ಪ ಹೊತ್ತು ಮೌನ. "ಇದೆಯಲ್ಲ, ಬಾಗಿಲ ಪಕ್ಕ. ಲೈಟಿಂದು ಒಂದು, ಫ್ಯಾನಿಂದು ಎರಡು. ಯಾಕೆ?"

ತಲೆ ಎತ್ತಲು ಹೋಗಿ ಹಣೆ ಬಡಿದುಕೊಂಡೆ. ಬೆರಳು ಸಿಕ್ಕಿಕೊಂಡದ್ದು ಆ ಕ್ಷಣದಲ್ಲೇ.

ಆ ನೋವಿನಲ್ಲಿ ಒಂದಿಷ್ಟು ಹೊತ್ತು ಅಲ್ಲಾಡದೆ ಮಲಗಿದ್ದಾಗ ಕಂಡದ್ದು ಟೇಪು. ಪ್ರತಿ ಕಿತ್ತಳೆ ಕೇಬಲ್ಲಿನ ಮೇಲೂ ಅಷ್ಟಷ್ಟು ದೂರಕ್ಕೆ ಇನ್ಸುಲೇಷನ್ ಟೇಪಿನ ಸಣ್ಣ ಸುತ್ತು: ಒಂದಕ್ಕೆ ಎರಡು ಕೆಂಪು ಒಂದು ನೀಲಿ, ಇನ್ನೊಂದಕ್ಕೆ ಮೂರು ಹಳದಿ. ನಾಲ್ಕೈದು ನೋಡುವಷ್ಟರಲ್ಲಿ ಲೆಕ್ಕ ಹೊಳೆಯಿತು. ಬಣ್ಣ ಯಾವ ಸ್ವಿಚ್ಚು, ಸುತ್ತು ಎಷ್ಟನೇ ತಂತಿ. ಇದನ್ನು ಮಾಡಿದವನು ಗುತ್ತಿಗೆಯಲ್ಲಿ ಕೇಬಲ್ ಎಳೆದ ಹುಡುಗ. ಕಾಗದದ ಮೇಲಿನ 204ನ್ನೂ ಅವನೇ, ಅಂಡರ್‌ಗ್ರೌಂಡಿನಲ್ಲಿ ನನ್ನಂತೆ ಅರ್ಧ ಅಲ್ಲ, ಪೂರ್ತಿ ಇಳಿದು ಎಳೆದಿದ್ದ. ಯಾರೂ ಹೇಳಿರಲಿಲ್ಲ, ತನಗೇ ಬೇಕಾಗುತ್ತದೆಂದು ಗುರುತು ಹಾಕಿದ್ದ. ಗುತ್ತಿಗೆ ಬದಲಾದಾಗ 'ಕೇಬಲ್ ಕೆಲಸ ಮುಗಿದಿದೆ, ಮುಂದುವರಿಸುವ ಅಗತ್ಯವಿಲ್ಲ' ಎಂಬ ಕಾಗದ ಹೋಯಿತು. ಸಹಿ ನನ್ನದೇ. ಅವನು ಹೋಗುವ ದಿನ ಬಂದು "ಸಾರ್, ಟೇಪಿನ ಲೆಕ್ಕ ಒಂದು ಹೇಳಿಕೊಡಲಾ?" ಎಂದು ಕೇಳಿದ್ದು ನೆನಪಾಯಿತು. ನನಗೆ ಮೀಟಿಂಗ್ ಇತ್ತು.

ನಾನು ಹಿಡಿದಿದ್ದ ಕೇಬಲ್ಲಿಗೆ ಟೇಪು ಇರಲಿಲ್ಲ. ಅವನು ಎಳೆದದ್ದಲ್ಲ ಅದು. ಐದು ಹಲಗೆ ಮುಂದೆ ಹೋಗಿ, ಅಂದವಾಗಿ ಒಂದು ಸುರುಳಿ ಸುತ್ತಿ, ಬಂದ ದಾರಿಯಲ್ಲೇ ವಾಪಸು ಹೊರಟು, ಅದೇ ರ‍್ಯಾಕಿನ ಕಾಲಬುಡದಲ್ಲಿ ಮೇಲೆದ್ದು, ಅದೇ ಸ್ವಿಚ್ಚಿನ 18ನೇ ಬಾಗಿಲಿಗೆ ಹೊಕ್ಕಿತ್ತು. ಹುಡುಗಿ ಅದರ ಪಕ್ಕದಲ್ಲೇ ನಿಂತಿದ್ದಳು. ಅವಳ ಕೈಯಲ್ಲಿ ಕೇಬಲ್ಲಿಗೆ ಕಟ್ಟಿದ್ದ ಒಂದು ಚೀಟಿ. "ಇದನ್ನೇ ಸಾರ್ ನಾನು ಆವಾಗ್ಲಿಂದ ಹೇಳ್ತಿದ್ದದ್ದು."

ಚೀಟಿಯಲ್ಲಿ ಬರೆದಿತ್ತು: 'ತಾತ್ಕಾಲಿಕ. ತೆಗೆಯಬೇಡಿ.' ಕೆಳಗೆ ಸಹಿ, ತಾರೀಖು. ಎರಡು ವರ್ಷ ಹಳೆಯದು. ಈ ಮೊದಲು ಹೇಳಿದೆನಲ್ಲ, ಆ ಸಹಿಯೇ.

ಜ್ಞಾಪಕ ಬಂತು. ಒಂದು ಕೇಬಲ್ಲಿನ ಮೇಲೆ ಅನುಮಾನವಿತ್ತು. ಅದರ ಎರಡೂ ತುದಿಯನ್ನು ಒಂದೇ ಸ್ವಿಚ್ಚಿಗೆ ಸಿಕ್ಕಿಸಿ, ರಾತ್ರಿಯಿಡೀ ತಪ್ಪುಗಳ ಎಣಿಕೆ ಏರುತ್ತದೆಯೋ ನೋಡೋಣ ಎಂದು ಬಿಟ್ಟಿದ್ದೆ. ಹತ್ತು ಮೀಟರಿನ ಸಂಪತ್ತು ಕಾಲಿಗೆ ಸಿಕ್ಕದಿರಲೆಂದು ನೆಲದಡಿ ತೂರಿಸಿದ್ದೆ. ಬೆಳಿಗ್ಗೆ ನೋಡಲು ಮರೆತೆ. ಸ್ಕ್ರೀನಿನಲ್ಲಿ ಹುಡುಕಿದೆವು. ಹಚ್ಚೆ 'ನಾಲ್ಕು, ಬಿ, ಆರು, ಸೊನ್ನೆ'. ಸಾಯುತ್ತಿದ್ದ ಟೋನರು ಚಿಕ್ಕ ಬಿ ಅಕ್ಷರವನ್ನು ಆರು ಮಾಡಿತ್ತು. ಎರಡು ತಂತಿಯೆಂದು ನಾನು ಎಣಿಸಿದ್ದು ಒಂದೇ ತಂತಿಯ ಎರಡು ತುದಿ. ದೊಡ್ಡಮ್ಮ ಮೊದಲ ದಿನವೇ ಸರಿಯಾಗಿ ಹೇಳಿದ್ದಳು: ಇವನು ತನಗೇ ಬೀಗ.

ಇನ್ನು ನಕ್ಷೆ. ಔಟ್‌ಪುಟ್ಟನ್ನು ಚಿತ್ರ ಮಾಡುವ ಗ್ರಾಫ್‌ವಿಜ್‌ಗೆ ಕೊಟ್ಟರೆ ಒತ್ತುಶ್ಯಾವಿಗೆ ಬಂತು. ಕೈಯಲ್ಲೇ ಬರೆದೆ. ಹಚ್ಚೆಗಳಿಗೆ ನಮ್ಮ ಇಷ್ಟದ ಹೆಸರು ಕೊಡುವ ಫೈಲೊಂದುಂಟು. ಕೆಳಗಿನ ಆರು ಸ್ವಿಚ್ಚುಗಳಿಗೆ ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥ, ಅರ್ಕಾವತಿ, ಕಬಿನಿ, ಶಿಂಷಾ ಎಂದಿಟ್ಟೆ. ಮೇಲಿನ ಮೂರಕ್ಕೆ ಆದಿರಂಗ, ಮಧ್ಯರಂಗ, ಅಂತ್ಯರಂಗ. ಈ ಜೋಡಣೆಗೆ ಫ್ಯಾಟ್ ಟ್ರೀ ಎನ್ನುತ್ತಾರೆ, 1985ರಲ್ಲಿ ಎಂಐಟಿಯ ಚಾರ್ಲ್ಸ್ ಲೈಸರ್ಸನ್ ಸೂಚಿಸಿದ್ದು. ಬೇರು ಮೇಲೆ, ಎಲೆ ಕೆಳಗೆ, ಬೇರಿನತ್ತ ಹೋದಂತೆ ದಪ್ಪ. ಊರ್ಧ್ವಮೂಲದ ಅಶ್ವತ್ಥ ನಮ್ಮಲ್ಲಿ ಮೊದಲೇ ಇತ್ತು ಎಂದು ಯಾರಾದರೂ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ.

ಸಮಿತಿ ಬಂತು. ಅಧ್ಯಕ್ಷರು ನಕ್ಷೆಯ ಮುಂದೆ ನಿಂತು, ಅರ್ಕಾವತಿಯಿಂದ ಹೊರಟು ಅರ್ಕಾವತಿಗೇ ಮರಳುವ ಕಿತ್ತಳೆ ಗೆರೆಯ ಮೇಲೆ ಬೆರಳಿಟ್ಟರು. ಕೇಬಲ್ ಕಿತ್ತಿರಲಿಲ್ಲ, 'ತೆಗೆಯಬೇಡಿ' ಎಂದು ಅಧಿಕೃತ ಸಹಿಯಿತ್ತಲ್ಲ. ನಂದಿಯಲ್ಲಿ ಹುಟ್ಟಿ ಸಂಗಮದಲ್ಲಿ ಕಾವೇರಿ ಸೇರಬೇಕಾದ ಹೊಳೆ ಹೀಗೆ ನಡುದಾರಿಯಲ್ಲಿ ವಾಪಸಾದದ್ದಕ್ಕೆ ಏನು ಹೇಳಲಿ?

"ಇದೇನು?"

"ರಿಡಂಡೆನ್ಸಿ ಸಾರ್" ಎಂದೆ. ಹಿಂದೆ ಹುಡುಗಿ ಕೆಮ್ಮಿದಳು.

ಹೋದ ವಾರ ವರದಿ ಬಂದಿದೆ. ಜಾಲದ ರಿಡಂಡೆನ್ಸಿಗೆ ಕೊಟ್ಟಿರುವ ಗಮನ ಶ್ಲಾಘನೀಯವಂತೆ, ಉಳಿದ ಸ್ವಿಚ್ಚುಗಳಿಗೂ ಈ ಸೌಲಭ್ಯ ವಿಸ್ತರಿಸಬಹುದಂತೆ. ಐದು ಕೇಬಲ್ಲಿಗೆ ಮೂರು ಕೊಟೇಶನ್ ತರಿಸಿ ಎಂದು ನಿರ್ದೇಶಕರು ಹಸಿರು ಶಾಯಿಯಲ್ಲಿ ಬರೆದಿದ್ದಾರೆ. ಲಕ್ಷ್ಮಣತೀರ್ಥದಿಂದ ಶುರುಮಾಡೋಣವೇ, ಟೇಪು ಯಾವ ಬಣ್ಣದ್ದು ತರಲಿ ಎಂದು ಹುಡುಗಿ ಕೇಳುತ್ತಿದ್ದಾಳೆ.