ಐದು ವರ್ಷದೊಳಗೆ ಉಚಿತ

ಕಾಫಿ ತೋಟದ ರೆಸಾರ್ಟುಗಳ ದರಪಟ್ಟಿಯ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಸಾಲಿರುತ್ತದೆ: ‘ಐದು ವರ್ಷದೊಳಗಿನ ಮಕ್ಕಳಿಗೆ ಉಚಿತ’. ಈ ಒಂದು ಸಾಲನ್ನು ನಂಬಿ ಮನೆ ಬಿಟ್ಟು ಹೊರಟವರೇ ಪುಟ್ಟನ ಅಪ್ಪ. ಅವರಿಗೆ ಬೇರೆ ಹೆಸರೂ ಇದೆ, ಆಫೀಸಿನಲ್ಲಿ ಆ ಹೆಸರಿಗೆ ಒಂದಿಷ್ಟು ಮರ್ಯಾದೆಯೂ ಇದೆಯಂತೆ. ಆದರೆ ಪುಟ್ಟನಿಗೆ ಎರಡು ತುಂಬುವಷ್ಟರಲ್ಲಿ ಅಪಾರ್ಟ್‌ಮೆಂಟಿನ ವಾಚ್‌ಮನ್‌ನಿಂದ ಹಿಡಿದು ಸ್ವಂತ ಹೆಂಡತಿಯವರೆಗೆ ಎಲ್ಲರೂ ಅದನ್ನು ಮರೆತಿದ್ದಾರೆ. ಡಿಸೆಂಬರ್ ಕೊನೆಯ ವಾರದಲ್ಲಿ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಯಾವ ತೋಟಕ್ಕೆ ಹೋದರೂ ಇವರು ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. ಒಂದು ಹೆಗಲಿಗೆ ಡೈಪರ್ ಬ್ಯಾಗು, ಇನ್ನೊಂದು ಹೆಗಲ ಮೇಲೆ ಪುಟ್ಟ, ಅಂಗಿಯ ಮೇಲೆ ಬಾಳೆಹಣ್ಣು, ಕೈಯಲ್ಲಿ ಒಂದೇ ಒಂದು ಪುಟಾಣಿ ಚಪ್ಪಲಿ. ಇನ್ನೊಂದು ಚಪ್ಪಲಿ ಹಾಸನದಲ್ಲಿ ಟೀ ಕುಡಿಯಲು ನಿಲ್ಲಿಸಿದ ಜಾಗದಲ್ಲಿರುತ್ತದೆ.

ಇಷ್ಟು ಧೈರ್ಯವಾಗಿ ಹೇಳಲು ನನಗೆ ಅಧಿಕಾರವಿದೆ. ನನ್ನ ಭಾವ ತಮ್ಮ ತೋಟದ ನಡುವೆ ನಾಲ್ಕು ಕಾಟೇಜು ಕಟ್ಟಿ, ಹುಲ್ಲು ಹಾಸಿ, ಗೇಟಿಗೆ ಬೋರ್ಡು ಹಾಕಿದ್ದಾರೆ. ರಜೆಯ ದಿನಗಳಲ್ಲಿ ಕೈ ಸಾಲದಿದ್ದಾಗ ಬೀಗದ ಕೈ ಕೊಡುವ ಮೇಜಿನ ಹಿಂದೆ ಕೂರುವವನು ನಾನು. ಮಲೆನಾಡಿನವರಾದ ನಮಗೆ ತೋಟ ನೋಡಲು ದುಡ್ಡು ಕೊಟ್ಟು ಯಾಕೆ ಬರುತ್ತಾರೆ ಎಂಬುದೇ ಮೊದಮೊದಲು ಅರ್ಥವಾಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಪರೀಕ್ಷೆ ಫೇಲಾದವನಿಗೆ ‘ನಾಳೆಯಿಂದ ತೋಟಕ್ಕೆ ಹೋಗು’ ಎನ್ನುತ್ತಿದ್ದರು. ಅದು ಬೈಗುಳ.

ಪುಟ್ಟನ ಅಪ್ಪ ಬರುವುದು ವಿಶ್ರಾಂತಿಗೆ. ಫೋನಿನಲ್ಲಿ ಬುಕ್ ಮಾಡುವಾಗಲೇ ಹೇಳುತ್ತಾರೆ: “ಸುಮ್ನೆ ಕೂತ್ಕೊಂಡು ಒಂದು ಪುಸ್ತಕ ಓದ್ಬೇಕು, ಅಷ್ಟೇ.” ಆ ಪುಸ್ತಕವನ್ನು ನಾನು ಕಣ್ಣಾರೆ ನೋಡಿದ್ದೇನೆ. ದಪ್ಪನೆಯದು. ಕೊಡಗು, ವಯನಾಡು, ಊಟಿ ಎಲ್ಲ ಸುತ್ತಿ ಬಂದಿದೆ. ಗುರುತಿಗಿಟ್ಟ ಬಸ್ ಟಿಕೆಟ್ಟು ಮಾತ್ರ ಮುನ್ನುಡಿಯಲ್ಲೇ ಇದೆ.

ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸುಮಾರು 245 ಕಿಲೋಮೀಟರ್. ಮಕ್ಕಳಿಲ್ಲದವರು ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದಕ್ಕೆ ಬಂದು ಕಾಫಿ ಕೇಳುತ್ತಾರೆ. ಪುಟ್ಟನ ಅಪ್ಪನೂ ಆರಕ್ಕೇ ಹೊರಡುವವರು. ಕಾರಿಗೆ ಸಾಮಾನು ತುಂಬಿ ಮುಗಿಯುವಾಗ ಎಂಟೂವರೆ. ರಾಗಿ ಸರಿಯ ಡಬ್ಬಿ, ಅದನ್ನು ಬೇಯಿಸಲು ಕರೆಂಟಿನ ಕೆಟಲ್, ತುಪ್ಪದ ಬಾಟಲಿ, ಬಜೆ, ಕೊಡೆ ತರಹ ಬಿಚ್ಚುವ ಸೊಳ್ಳೆಪರದೆ, ಥರ್ಮಾಮೀಟರ್, ಪಾಟಿ ಸೀಟು, ಮೂರು ದಿನಕ್ಕೆ ಹದಿನೆಂಟು ಜೊತೆ ಬಟ್ಟೆ, ಕಿವಿ ಹರಿದ ಒಂದು ಆನೆ. ಗಂಡ ಹೆಂಡತಿಯ ಬಟ್ಟೆ ಲ್ಯಾಪ್‌ಟಾಪ್ ಬ್ಯಾಗಿನ ಸಂದಿಯಲ್ಲಿ. ಹಿಂದಿನ ಸೀಟಿಗೆ ಮಕ್ಕಳ ಕಾರ್ ಸೀಟನ್ನು ಸಾವಿರಾರು ರೂಪಾಯಿ ಕೊಟ್ಟು ಕಟ್ಟಿಸಿದ್ದಾರೆ. ಅದರಲ್ಲಿ ಬೆಲ್ಟು ಬಿಗಿದು ಭದ್ರವಾಗಿ ಕೂತಿರುವುದು ಆನೆ. ಪುಟ್ಟ ಅಮ್ಮನ ತೊಡೆಯ ಮೇಲೆ ನಿಂತಿರುತ್ತಾನೆ. ಇದು ಮಾತ್ರ ನಗುವ ವಿಷಯವಲ್ಲ; ಅವನನ್ನು ಅದರಲ್ಲಿ ಕೂರಿಸಿ ಎಂದು ಬಂದವರಿಗೆಲ್ಲ ಹೇಳುತ್ತೇನೆ. “ಕೂರಲ್ಲ ಅಂತಾನೆ” ಎನ್ನುತ್ತಾರೆ, ಮನೆಯ ಯಜಮಾನರ ಅಭಿಪ್ರಾಯ ತಿಳಿಸುವ ಧ್ವನಿಯಲ್ಲಿ.

ದಾರಿಯಲ್ಲಿ ಚನ್ನರಾಯಪಟ್ಟಣ ಬರುತ್ತದೆ. ಪುಟ್ಟನ ಅಪ್ಪನ ಕಾರಿಗೆ ಅಲ್ಲಿ ತಾನಾಗಿ ವೇಗ ಹೆಚ್ಚುತ್ತದೆ. ಯಾಕೆಂದರೆ ಹೆದ್ದಾರಿಯಿಂದ ಸ್ವಲ್ಪ ಒಳಗೆ ಅವರ ದೊಡ್ಡಪ್ಪನ ತೆಂಗಿನ ತೋಟವಿದೆ. ಎಮ್ಮೆ ಇದೆ, ಕೋಳಿ ಇದೆ, ಪಂಪ್‌ಸೆಟ್ಟಿನ ತೊಟ್ಟಿ ಇದೆ, ಮನೆ ರಿಪೇರಿಗೆಂದು ತಂದು ಸುರಿದ ಮರಳಿನ ಗುಡ್ಡೆಯಿದೆ. ಎಳನೀರು ಉಚಿತ, ಐದು ವರ್ಷದೊಳಗಿನವರಿಗೆ ಮಾತ್ರವಲ್ಲ, ಐವತ್ತಾದವರಿಗೂ. ಆದರೆ ಅಲ್ಲಿ ಬಾತ್‌ರೂಮು ಹೊರಗಡೆ. ದೊಡ್ಡಮ್ಮ ಮಗುವಿಗೆ ಬಟ್ಟಲಲ್ಲಿ ಕಾಫಿ ಕುಡಿಸಿಬಿಡುತ್ತಾರೆ. ಜೊತೆಗೆ, ಹೋದರೆ ಎರಡು ದಿನ ನಿಲ್ಲಿಸಿಕೊಳ್ಳುತ್ತಾರೆ. ಆದ್ದರಿಂದ ಬೈಪಾಸ್ ದಾಟಿ, ಹಾಸನವೂ ಕಳೆದು, ಬೇಲೂರು ಹತ್ತಿರ ಬಂದ ಮೇಲೆಯೇ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಮೊದಲ ಫೋಟೋ. ಅದನ್ನು ಮೊದಲು ನೋಡುವವರು ದೊಡ್ಡಪ್ಪ. ಐದೇ ನಿಮಿಷದಲ್ಲಿ ಅವರ ಸಾಲು ಬರುತ್ತದೆ: “ಇಲ್ಲೇ ಹೋದ್ರಾ ಮಗಾ? ಹೇಳಿದ್ರೆ ಎಳನೀರು ಇಳಿಸಿ ಇಡ್ತಿದ್ದೆ.” ಪುಟ್ಟನ ಅಪ್ಪ ಬಹಳ ಹೊತ್ತು ಯೋಚಿಸಿ ಕೈಮುಗಿದ ಚಿತ್ರವೊಂದನ್ನು ಕಳಿಸುತ್ತಾರೆ.

ಅಷ್ಟು ದೂರ ಕಿರುಚಿ, ಎರಡು ಸಲ ವಾಂತಿ ಮಾಡಿ, ಕಿಟಕಿಯ ಗಾಜನ್ನು ನೆಕ್ಕಿ ಬಂದ ಪುಟ್ಟ ನಿದ್ದೆ ಹೋಗುವುದು ನಮ್ಮ ಗೇಟಿನಿಂದ ನೂರು ಮೀಟರ್ ಹಿಂದೆ. ಇದರಲ್ಲಿ ವಿನಾಯಿತಿಯನ್ನು ನಾನಂತೂ ಕಂಡಿಲ್ಲ. ಮಗು ಮಲಗಿದರೆ ಎತ್ತಬಾರದು, ಎಂಜಿನ್ ಆರಿಸಬಾರದು, ಬಾಗಿಲು ತೆಗೆಯಬಾರದು. ಕಾಟೇಜಿನ ಬಾಡಿಗೆ ಓಡುತ್ತಿರುತ್ತದೆ, ನಾವು ಕಳಿಸಿದ ನಿಂಬೆ ಪಾನಕ ಬಿಸಿಯಾಗುತ್ತಿರುತ್ತದೆ. ಪುಟ್ಟನ ಅಪ್ಪ ಪಾರ್ಕಿಂಗಿನಲ್ಲಿ ಏಸಿ ಹಾಕಿಕೊಂಡು ಎದುರಿನ ಸಗಣಿ ಗೊಬ್ಬರದ ಗುಂಡಿಯನ್ನೇ ನೋಡುತ್ತಾ ಒಂದೂಕಾಲು ಗಂಟೆ ಕೂತಿರುತ್ತಾರೆ. ನನ್ನ ಲೆಕ್ಕದಲ್ಲಿ ಇಡೀ ಪ್ರವಾಸದಲ್ಲಿ ಅವರಿಗೆ ಸಿಗುವ ವಿಶ್ರಾಂತಿ ಅದೊಂದೇ.

ಎದ್ದ ಮೇಲೆ ಪುಟ್ಟ ತೋಟಕ್ಕೆ ಇಳಿಯುತ್ತಾನೆ. ಭಾವ ಸಾಲ ಮಾಡಿ ಬೆಳೆಸಿದ ಹುಲ್ಲುಹಾಸು, ಬಣ್ಣದ ಕ್ರೋಟನ್ನು, ತಾವರೆಯ ಕೊಳ, ಮಕ್ಕಳಿಗೆಂದೇ ತರಿಸಿದ ಜಾರುಬಂಡೆ, ಇವು ಯಾವುವೂ ಅವನ ಕಣ್ಣಿಗೆ ಬೀಳುವುದಿಲ್ಲ. ಕಾಟೇಜಿನ ದಾರಿಗೆ ಸುರಿದ ಜಲ್ಲಿಕಲ್ಲು ಬೀಳುತ್ತದೆ. ಕುಕ್ಕರಗಾಲಲ್ಲಿ ಕೂತು ಒಂದು ಕಲ್ಲು ಎತ್ತುತ್ತಾನೆ, ತಿರುಗಿಸಿ ನೋಡುತ್ತಾನೆ, ಅಪ್ಪನ ಬೂಟಿನೊಳಗೆ ಹಾಕುತ್ತಾನೆ. ಮತ್ತೊಂದು ಎತ್ತುತ್ತಾನೆ. “ಪುಟ್ಟಾ, ನೋಡಲ್ಲಿ ಬೆಟ್ಟ! ಮುಳ್ಳಯ್ಯನಗಿರಿ! ಕರ್ನಾಟಕದಲ್ಲೇ ದೊಡ್ಡದು!” ಎಂದು ಅಪ್ಪ ದೂರಕ್ಕೆ ಬೆರಳು ತೋರಿಸುತ್ತಾರೆ. 1,930 ಮೀಟರ್ ಎತ್ತರದ ಶಿಖರಕ್ಕೆ ಪುಟ್ಟ ಕೊಡುವ ಮರ್ಯಾದೆ ಇಷ್ಟೇ: ಅಪ್ಪನ ಬೆರಳನ್ನು ನೋಡುತ್ತಾನೆ, ಅದರಲ್ಲಿ ಕಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು ಕೆಲಸ ಮುಂದುವರಿಸುತ್ತಾನೆ.

ಸಂಜೆ ನಾಲ್ಕಕ್ಕೆ ತೋಟ ತೋರಿಸುವ ಕಾರ್ಯಕ್ರಮ. ನಮ್ಮ ಮೇಸ್ತ್ರಿ ಮುಂದೆ ನಡೆಯುತ್ತಾ ಹೇಳುತ್ತಾನೆ. ಇದು ಅರೇಬಿಕಾ, ಇದಕ್ಕೆ ನೆರಳು ಬೇಕು. ಆ ಸಿಲ್ವರ್ ಓಕ್ ಆಸ್ಟ್ರೇಲಿಯಾ ಮೂಲದ ಮರ, ಅದಕ್ಕೆ ಹಬ್ಬಿರುವುದು ಕಾಳುಮೆಣಸು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್ ದೇಶದ ಮೋಕಾದಿಂದ ಏಳು ಬೀಜ ಬಚ್ಚಿಟ್ಟುಕೊಂಡು ತಂದು ಈ ಗಿರಿಯಲ್ಲಿ ಬಿತ್ತಿದರು ಎನ್ನುವುದು ನಮ್ಮ ಕಡೆಯ ಕಥೆ. ಉಳಿದ ಅತಿಥಿಗಳು ತಲೆದೂಗುತ್ತಾರೆ. ಪುಟ್ಟನ ಅಪ್ಪನಿಗೆ ತಲೆದೂಗುವ ಅವಕಾಶವಿಲ್ಲ, ಅವರ ಕೂದಲು ಮೇಲೆ ಕೂತವನ ಮುಷ್ಟಿಯಲ್ಲಿದೆ. “ಬಾಬಾ! ಬಾಬಾ!” ಎಂದು ಪುಟ್ಟ ಮಾತ್ರ ಇಡೀ ಉಪನ್ಯಾಸಕ್ಕೆ ಪ್ರತಿಕ್ರಿಯೆ ನೀಡುತ್ತಾನೆ. ಇದ್ದಕ್ಕಿದ್ದಂತೆ ಸದ್ದು ನಿಲ್ಲುತ್ತದೆ. ಎರಡು ವರ್ಷದ ಮಗು ಸುಮ್ಮನಾದರೆ ಏನರ್ಥ ಎಂದು ತಾಯಿಗೆ ಗೊತ್ತು. “ಬಾಯಲ್ಲೇನಿದೆ ನೋಡು ಅವನ್ದು!”

ನೋಡಿದರೆ ಕೆನ್ನೆ ಉಬ್ಬಿದೆ. ಕೆಳಗಿಳಿಸಿ, ತಲೆಕೆಳಗು ಮಾಡಿ, “ಉಗಿ, ಥೂ ಮಾಡು, ಥೂ” ಎಂದು ಅಂಗಲಾಚಿ, ಕೊನೆಗೆ ತೋರುಬೆರಳು ಹಾಕಿ ತೆಗೆದರೆ ಎರಡು ಕೆಂಪು ಕಾಫಿ ಹಣ್ಣು. ಬಾಬಾ ಬುಡನ್ ಏಳು ತಂದಿದ್ದರು, ಇವನದು ಎರಡೇ. ಬಚ್ಚಿಟ್ಟ ಚಾತುರ್ಯದಲ್ಲಿ ಕಡಿಮೆಯೇನಿಲ್ಲ. “ಎಂತದೂ ಆಗಲ್ಲ ಸಾರ್, ಸಿಪ್ಪೆ ಸಿಹಿ ಇರ್ತದೆ, ನಾವೆಲ್ಲ ತಿಂದೇ ಬೆಳೆದದ್ದು. ಗಂಟಲಿಗೆ ಸಿಕ್ಕದಿದ್ರೆ ಆಯ್ತು” ಎಂದು ಮೇಸ್ತ್ರಿ ಸಮಾಧಾನ ಹೇಳುತ್ತಾನೆ. ಕೊನೆಯ ವಾಕ್ಯವನ್ನು ಅವನು ಹೇಳಬಾರದಿತ್ತು. ತಾಯಿ ಅಲ್ಲಿಂದಲೇ ಕಾಟೇಜಿಗೆ ವಾಪಸು. ಹೋಗುವಾಗ ಒಂದು ಪ್ರಶ್ನೆ: “ಇಲ್ಲಿ ಇಂಬಳ ಇದೆಯಾ?” ಮೇಸ್ತ್ರಿ ಪ್ರಾಮಾಣಿಕ. “ಈಗೆಲ್ಲಿ ಮೇಡಂ? ಮಳೆಗಾಲಕ್ಕೆ ಬನ್ನಿ, ಬೇಕಾದಷ್ಟು ಸಿಗ್ತವೆ.”

ಈಜುಕೊಳದ ಕಥೆ ಚಿಕ್ಕದು. ಡಿಸೆಂಬರಿನ ನೀರಿಗೆ ಪುಟ್ಟನ ಹೆಬ್ಬೆರಳು ತಾಗುತ್ತದೆ, ಅವನ ಕೂಗು ಪಕ್ಕದ ಎಸ್ಟೇಟಿಗೆ ಕೇಳುತ್ತದೆ, ಮುಗಿಯಿತು. ಆಮೇಲೆ ಬಾತ್‌ರೂಮಿನಲ್ಲಿ ಅರ್ಧ ಬಕೆಟ್ ಬಿಸಿನೀರು ಮತ್ತು ಒಂದು ಮಗ್ಗಿನ ಜೊತೆ ಅವನು ಸಂಜೆಯೆಲ್ಲ ಜಲಕ್ರೀಡೆಯಾಡುತ್ತಾನೆ. ಮನೆಯಲ್ಲೂ ಇಂಥದೇ ನೀಲಿ ಮಗ್ಗು ಇದೆ ಎಂದು ಪುಟ್ಟನ ಅಪ್ಪ ನನಗೆ ತಾವಾಗಿಯೇ ಹೇಳಿದರು. ನಾನು ಕೇಳಿರಲಿಲ್ಲ.

ಇನ್ನು ಊಟ. ಪುಟ್ಟನ ಅಪ್ಪ ಪ್ರಗತಿಪರ ತಂದೆ. ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸ್ಕ್ರೀನ್ ತೋರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಅವರಿಗೆ ಬಾಯಿಪಾಠ. ಆ ಒಂದು ಗಂಟೆಯನ್ನು ಊಟಕ್ಕೆಂದೇ ಎತ್ತಿಟ್ಟಿದ್ದಾರೆ. ‘ಮೊಬೈಲ್ ಸಿಗ್ನಲ್ ಇಲ್ಲದ ನೆಮ್ಮದಿಯ ತಾಣ’ ಎಂದು ಭಾವ ಹಾಕಿಸಿದ ಜಾಹೀರಾತು ನೋಡಿಯೇ ಅವರು ಇಲ್ಲಿಗೆ ಬಂದದ್ದು. ಮೊದಲ ತುತ್ತಿನ ಹೊತ್ತಿಗೆ ಅದರ ಅರ್ಥ ಹೊಳೆಯುತ್ತದೆ. ಹಾಡಿಲ್ಲದೆ ಪುಟ್ಟ ಬಾಯಿ ತೆರೆಯುವುದಿಲ್ಲ. ನೀರಿನ ಟ್ಯಾಂಕಿನ ಪಕ್ಕದ ಬಂಡೆ ಹತ್ತಿ ಪಶ್ಚಿಮಕ್ಕೆ ಮುಖ ಮಾಡಿದರೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆ ಎಂದು ಯಾರೋ ಹೇಳುತ್ತಾರೆ. ಬಂಡೆಯ ಮೇಲೆ ಫೋನು ಹಿಡಿದ ಅಪ್ಪ, ಪಕ್ಕದಲ್ಲಿ ಬಟ್ಟಲು ಹಿಡಿದ ಅಮ್ಮ, ನಡುವೆ ಬಾಯಿ ತೆರೆದ ಪುಟ್ಟ. ಸೂರ್ಯಾಸ್ತ ನೋಡಲು ಅಲ್ಲಿಗೇ ಬಂದ ಹೊಸ ಜೋಡಿಯೊಂದು ಈ ದೃಶ್ಯ ನೋಡಿ ಪರಸ್ಪರ ಕೈ ಬಿಟ್ಟು ಹಿಂದಿರುಗಿತು.

ರಾತ್ರಿ ಎಂಟೂವರೆಗೆ ಕ್ಯಾಂಪ್‌ಫೈರ್. ಹಳೆಯ ಹಾಡು, ಸುಟ್ಟ ಜೋಳ. ಪುಟ್ಟನ ಅಪ್ಪ ಅಮ್ಮ ಅಲ್ಲಿರುವುದಿಲ್ಲ. ಪುಟ್ಟ ಏಳೂವರೆಗೆ ಮಲಗಿದ್ದಾನೆ; ದೀಪ ಹಾಕುವಂತಿಲ್ಲ. ಅವರಿಬ್ಬರೂ ಬಾತ್‌ರೂಮಿನೊಳಗೆ ಬಾಗಿಲು ಮುಚ್ಚಿಕೊಂಡು, ಒಬ್ಬರು ಕಮೋಡಿನ ಮುಚ್ಚಳದ ಮೇಲೆ, ಒಬ್ಬರು ಮಗುಚಿದ ಬಕೆಟ್ಟಿನ ಮೇಲೆ ಕೂತು, ಪೊಟ್ಟಣ ಸದ್ದು ಮಾಡದಂತೆ ಬಿಚ್ಚಿ, ಚಿಪ್ಸನ್ನು ಕಡಿಯದೆ ನಾಲಿಗೆಯ ಮೇಲೆ ಕರಗಿಸುತ್ತಿರುತ್ತಾರೆ. ಇದು ನನಗೆ ಹೇಗೆ ಗೊತ್ತೆಂದರೆ, ಬಿಸಿನೀರು ಬರುತ್ತಿದೆಯೇ ಎಂದು ಕೇಳಲು ಇಂಟರ್‌ಕಾಮ್ ಮಾಡಿದ್ದೆ. ಅದರ ಗಂಟೆಗೆ ಪುಟ್ಟ ಎದ್ದ. ಆಮೇಲೆ ಆ ಕಾಟೇಜಿನ ಕಡೆ ನಾನು ತಲೆ ಹಾಕಲಿಲ್ಲ.

ಬೆಳಿಗ್ಗೆ ಐದೂಕಾಲಿಗೆ ಇಡೀ ತೋಟದಲ್ಲಿ ಎದ್ದಿರುವವರು ಮೂವರು: ಪುಟ್ಟ, ಪುಟ್ಟನ ಅಪ್ಪ, ಮತ್ತು ಕಣದ ಕೆಲಸದ ಅಕ್ಕ. ಕೊಯ್ಲಿನ ಕಾಲವಾದ್ದರಿಂದ ಕಣದಲ್ಲಿ ಕಾಫಿ ಹಣ್ಣು ಹರಡಿರುತ್ತದೆ. ಬಿಸಿಲು ಬರುವ ಮೊದಲು ಅಕ್ಕ ಸುತ್ತ ಬಿದ್ದ ಎಲೆ ಗುಡಿಸಿ, ಹಲಗೆ ಹಿಡಿದು ಹಣ್ಣನ್ನು ಕೈಯಾಡಿಸಲು ಅಣಿಮಾಡುತ್ತಾಳೆ. “ಬಾ ಮಗಾ” ಎಂದು ಅವಳು ತುಂಡಾದ ಹಳೆಯ ಹಿಡಿಯೊಂದನ್ನು, ಅಂದರೆ ಪೊರಕೆಯನ್ನು, ಕೊಟ್ಟದ್ದೇ ಸರಿ, ಪುಟ್ಟ ನೌಕರಿಗೆ ಸೇರಿಬಿಟ್ಟ. ಅಕ್ಕ ಗುಡಿಸಿ ಗುಡ್ಡೆ ಮಾಡಿದ್ದನ್ನು ಇವನು ಗುಡಿಸಿ ಹರಡುತ್ತಾನೆ. ಅಳುವಿಲ್ಲ, ಹಾಡು ಬೇಕಿಲ್ಲ. ಅವಳ ಬುತ್ತಿಯ ಅಕ್ಕಿ ರೊಟ್ಟಿಯನ್ನು ತಾನೇ ಮುರಿದುಕೊಂಡು ತಿಂದ. ಪುಟ್ಟನ ಅಪ್ಪ ಕಣದ ಕಟ್ಟೆಯ ಮೇಲೆ ಕೂತು, ಕಣ್ಣಲ್ಲಿ ನೀರು ಬರುವುದೊಂದು ಬಾಕಿ, ಆ ದಪ್ಪ ಪುಸ್ತಕ ತರಲು ಕಾಟೇಜಿಗೆ ಓಡಿದರು. ಅವರು ಮರಳುವಷ್ಟರಲ್ಲಿ ಪುಟ್ಟ ಚಡ್ಡಿ ಬಿಚ್ಚಿ, ಭಾವನ ಅರೇಬಿಕಾದ ನಟ್ಟನಡುವೆ ನಿಂತು, ಮಾಡಬಾರದ್ದನ್ನು ಮಾಡಿ ಮುಗಿಸಿದ್ದ. ಆ ಮೂಟೆ ಯಾವ ಊರಿಗೆ ಹೋಯಿತು, ಕುಡಿದವರು ಅದರಲ್ಲಿ ಯಾವ ವಿಶೇಷ ಪರಿಮಳ ಗುರುತಿಸಿದರು ಎಂಬ ಬಗ್ಗೆ ಭಾವ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಅದೇ ಬೆಳಿಗ್ಗೆ ಟೋಪಿಯಿಲ್ಲದ ಪುಟ್ಟ ಮಂಜಿನಲ್ಲಿ ಹಿಡಿ ಹಿಡಿದು ನಿಂತ ಫೋಟೋ ಆ ಬಂಡೆಯ ಮೇಲಿನಿಂದ ಮನೆಯವರ ಗ್ರೂಪಿಗೆ ಹೋಗಿರುತ್ತದೆ. ಅಜ್ಜಿಯ ಉತ್ತರ: “ಥಂಡಿ. ಕಿವಿ ಮುಚ್ಚಿ.” ಇನ್ನೊಬ್ಬ ಅಜ್ಜಿಯ ಉತ್ತರ: “ಮಗೂ ಕೈಲಿ ಪೊರಕೆ ಯಾಕೆ ಕೊಟ್ರಿ?” ಬೆಟ್ಟ ಚೆನ್ನಾಗಿದೆ ಎಂದು ಒಬ್ಬರೂ ಬರೆದಿರುವುದಿಲ್ಲ.

ಹನ್ನೊಂದಕ್ಕೆ ಖಾಲಿ ಮಾಡುವಾಗ ಪುಟ್ಟನ ಅಪ್ಪ ಮೇಜಿನ ಹತ್ತಿರ ಬಂದು ಬಿಲ್ಲು ನೋಡಿದರು. ಹೆಚ್ಚುವರಿ ಹಾಸಿಗೆ, ಅದರ ಮೇಲುಹಾಸಿನ ಒಗೆತ, ಮುರಿದ ಕೊಳಾಯಿ ಹಿಡಿ, ಎರಡು ಹೊತ್ತು ಬೇರೆಯಾಗಿ ಮಾಡಿಸಿದ ಮೆತ್ತನೆಯ ಅನ್ನ. ಕೊನೆಯಲ್ಲಿ ‘ಮಗು: ಉಚಿತ’. “ಪರವಾಗಿಲ್ಲ ಸಾರ್, ಚೆನ್ನಾಗಿ ರಿಲ್ಯಾಕ್ಸ್ ಆಯ್ತು” ಎಂದರು. ಸುಳ್ಳು ಹೇಳುವವರ ಮುಖ ಹಾಗಿರುವುದಿಲ್ಲ. ಆ ಮನುಷ್ಯ ನಿಜವಾಗಿಯೂ ಹಾಗೆ ನಂಬಿದ್ದರು.

ಅವರನ್ನು ಬದಲಾಯಿಸುವುದು ಸಾಧ್ಯವಿಲ್ಲ, ನಾವೇ ಬದಲಾಗಬೇಕು. ಆದ್ದರಿಂದ ಕೊಡಗು, ಹಾಸನ, ಚಿಕ್ಕಮಗಳೂರಿನ ಎಲ್ಲ ರೆಸಾರ್ಟ್ ಮಾಲೀಕರಲ್ಲಿ, ಭಾವನನ್ನೂ ಸೇರಿಸಿ, ನನ್ನದೊಂದು ವಿನಂತಿ. ಜಾರುಬಂಡೆ ತರಿಸಬೇಡಿ, ಒಂದು ಗಾಡಿ ಮರಳು ಹೊಡೆಸಿ. ಕಾಟೇಜುಗಳಿಗೆ ಇಂಟರ್‌ಕಾಮ್ ಮಾಡಬೇಡಿ. ರಾತ್ರಿಯ ಬಫೆ ಎಂಟಕ್ಕೇ ಇರಲಿ, ಆದರೆ ಸಂಜೆ ಆರೂವರೆಗೆ ಖಾರ ಹಾಕದ ಸಾರು, ಒಂದು ಪಾತ್ರೆ ಮೊಸರನ್ನ ತೆಗೆದಿಡಿ. ಅದಕ್ಕೆ ಬೇಕಾದರೆ ದುಡ್ಡು ತೆಗೆದುಕೊಳ್ಳಿ. ಪುಟ್ಟನ ಅಪ್ಪ ಕೊಡುತ್ತಾರೆ.