ಡೆಪ್ಯುಟೇಶನ್‌ ಮೇಲೆ ಹೋದವನು

ಅಕ್ಕಲಕೋಟೆ ತಾಲ್ಲೂಕಿನ ಒಂದು ಹಳ್ಳಿಯ ಕೊಟ್ಟಿಗೆ. ಎದುರಿಗೆ ಪಂಢರಪುರಿ ತಳಿಯ ಎಮ್ಮೆ, ಮುಂದೆ ಜೋಳದ ಕಣಕಿ. ಈ ತಳಿಯ ಕೊಂಬು ಭುಜ ದಾಟಿ ಬೆನ್ನಿನವರೆಗೂ ಚಾಚುವುದರಿಂದ ಸಂದರ್ಶಕ ಎಷ್ಟು ದೂರ ಕೂರಬೇಕೆಂಬುದನ್ನು ಕೊಂಬೇ ತೀರ್ಮಾನಿಸಿತು. ವಿಷಯ: ಇಂಟರ್‌ಫೆರಾನ್‌ ಮನೆತನದ ವಿಕಾಸ.

ನಮಸ್ಕಾರ ಅಕ್ಕಾರೆ. ತಳಿಯ ಹೆಸರು ಪಂಢರಪುರಿ, ವಾಸ ಅಕ್ಕಲಕೋಟೆ, ಮಾತು ಕನ್ನಡ. ತಾವು ಯಾವ ರಾಜ್ಯದವರು?

ಶುರುವಿಗೇ ಇದನ್ನ ಕೇಳಬೇಕಾ ತಮ್ಮಾ? ಗಡಿ ಆಯೋಗದ ಮಹಾಜನ ಸಾಹೇಬ್ರು 1967ರಾಗ ವರದಿ ಬರದು, ಅಕ್ಕಲಕೋಟಿ ಮಹಾರಾಷ್ಟ್ರ ಬಿಟ್ಟು ಕರ್ನಾಟಕಕ್ಕ ಹೋಗಲಿ ಅಂದ್ರು. ಅದು ಯಾವ ಕಪಾಟಿನ್ಯಾಗ ಅದನೋ ನೀನ ಹುಡುಕು. ಮುಂದಿಂದು ಕೇಳು.

ಇಂಟರ್‌ಫೆರಾನ್‌ ಅಂದರೆ ಯಾರು?

ಕಾವಲು ಖಾತೆಯವರು. ಒಂದು ಜೀವಕೋಶಕ್ಕ ವೈರಸ್‌ ಹೊಕ್ಕಿತಂದ್ರ ಅದು ಈ ಪ್ರೋಟೀನ್‌ ಹೊರಗ ಬಿಡತದ. ಸುದ್ದಿ ಮುಟ್ಟಿದ ಮ್ಯಾಲ ಬಾಜೂಕಿನ ಕೋಶಗಳು ಹುಷಾರಾಗ್ತಾವ. 1957ರಾಗ ಲಂಡನ್ನಿನ್ಯಾಗ ಐಸಾಕ್ಸ್‌, ಲಿಂಡೆನ್‌ಮನ್‌ ಅನ್ನೋ ಇಬ್ಬರು ಇದನ್ನ ಕಂಡು ಹೆಸರಿಟ್ರು. ಅದಕ್ಕಿಂತ ಮೊದಲು ಕೋಟಿಗಟ್ಟಲೆ ವರ್ಷ ನಾವು ಹೆಸರಿಲ್ಲದನ ಬಳಸೀವಿ, ಏನೂ ಅಡಚಣಿ ಆಗಿಲ್ಲ.

ದೊಡ್ಡ ಕುಟುಂಬವೇ?

ನಿಮ್ಮ ಮನುಷ್ಯಾರಾಗ 9ನೇ ಕ್ರೋಮೋಸೋಮಿನ ಒಂದ ಜಾಗಾದಾಗ ಸಾಲಾಗಿ ಕುಂತಾರ. ಆಲ್ಫಾ ಅನ್ನಾವರ 13 ಮಂದಿ, ಬೀಟಾ ಒಬ್ಬ, ಒಮೇಗಾ ಒಬ್ಬ, ಮತ್ತ ಇನ್ನೊಂದೆರಡು. ನಮ್ಮ ದನಕರುಗಳ ಪೈಕಿ ಒಮೇಗಾ ಮಂದಿನೇ ಹಿಂಡು ಹಿಂಡು. ಗಮ್ಮತ್ತು ಅಂದ್ರ, ಎಲ್ಲಾರೂ ಕೋಶದ ಮ್ಯಾಲ ಕೂಡೂ ಗ್ರಾಹಕ ಒಂದ. ಇಷ್ಟು ಮಂದಿ ನೌಕರರು, ಅರ್ಜಿ ತೊಗೊಳ್ಳೂ ಕಿಟಕಿ ಒಂದ. ತಹಸೀಲ ಕಚೇರಿ ನೋಡಿದವರಿಗೆ ಇದನ್ನ ಬಿಡಿಸಿ ಹೇಳೂದು ಬ್ಯಾಡ.

ಇಷ್ಟೊಂದು ಜನ ಹೇಗಾದರು?

ಝೆರಾಕ್ಸ್‌. ಡಿಎನ್‌ಎ ನಕಲು ಮಾಡೂ ಮುಂದ ಆಗಾಗ ಒಂದು ಜೀನು ಎರಡು ಸಲ ಬರತದ. ಮೊದಲಿಂದು ಕೆಲಸ ಮಾಡತಿರತದ, ಎರಡನೇದಕ್ಕ ಕೆಲಸ ಇಲ್ಲ, ಆದ್ರ ತೆಗೆದು ಹಾಕೋರೂ ಇಲ್ಲ. ಹಂಗ ಕುಂತ್ಕೊಂಡ ಬದಲಾಗತದ. ಭಾಳಷ್ಟು ಕೆಟ್ಟು ಸತ್ತ ಜೀನು ಆಗ್ತಾವ. ಅಪರೂಪಕ್ಕ ಒಂದು ಹೊಸಾ ನೌಕರಿ ಹಿಡಿತದ. ನಮ್ಮ ಟೌ ಹಂಗ ಹಿಡದಂವ.

ಟೌ ಯಾರು?

ಒಮೇಗಾನ ಝೆರಾಕ್ಸ್‌. ಸುಮಾರು 3 ಕೋಟಿ 60 ಲಕ್ಷ ವರ್ಷದ ಹಿಂದ ಕಾವಲು ಖಾತೆಯಿಂದ ಹೆರಿಗಿ ಖಾತೆಗೆ ಡೆಪ್ಯುಟೇಶನ್‌ ಮ್ಯಾಲ ಹ್ವಾದ. ಇನ್ನೂ ವಾಪಸ್‌ ಬಂದಿಲ್ಲ.

ಅಲ್ಲಿ ಏನು ಕೆಲಸ?

ಸ್ವಲ್ಪ ಹತ್ತಿರ ಬಂದು ಬರಕೋ. ನಮಗ ಸುಮಾರು 21 ದಿನಕ್ಕೊಮ್ಮೆ ಬೆದಿ ಬರತದ. ಗಬ್ಬ ನಿಂತಿಲ್ಲ ಅಂದ್ರ ಗರ್ಭಕೋಶ ಪ್ರೋಸ್ಟಗ್ಲಾಂಡಿನ್‌ ಬಿಡತದ. ಅಂಡಾಶಯದಾಗಿನ ಹಳದಿ ಗಂಟು ಕರಗತದ, ಗರ್ಭ ಕಾಯೋ ಪ್ರೊಜೆಸ್ಟರೋನ್‌ ಇಳಿತದ, ಮತ್ತ ಬೆದಿ. ಈಗ ಒಳಗ ಭ್ರೂಣ ಅದ ಅಂತ ತಿಳಿ. ಇನ್ನೂ ಗೋಡಿಗೆ ಅಂಟಿಲ್ಲ, ಸುಮ್ನ ಉದ್ದಕ ದಾರ ಆಗಿ ಬೆಳೀತಿರತದ. ತಾಯಿಗೆ ಅದರ ಸುದ್ದಿನೇ ಇಲ್ಲ. ಆವಾಗ ಭ್ರೂಣದ ಹೊರಪದರು ಟೌನನ್ನ ಬಿಡತದ. ಆಕಳಿನ್ಯಾಗ 16-17ನೇ ದಿನದ ಸುಮಾರಿಗೆ ಇದರ ಜೋರು. ಟೌ ಹೋಗಿ ಗರ್ಭಕೋಶದ ಒಳಪದರಿಗೆ ಆಕ್ಸಿಟೋಸಿನ್‌ ಗ್ರಾಹಕ ಮಾಡಬ್ಯಾಡ ಅಂತಾನ. ಗ್ರಾಹಕ ಇಲ್ಲಂದ್ರ ಆಕ್ಸಿಟೋಸಿನ್ನಿನ ಹುಕುಂ ಮುಟ್ಟೂದಿಲ್ಲ, ಪ್ರೋಸ್ಟಗ್ಲಾಂಡಿನ್ನಿನ ಪೆಟ್ಟೂ ಬೀಳೂದಿಲ್ಲ. ಗಂಟು ಉಳೀತು, ಕರ ಉಳೀತು.

16ನೇ ದಿನಕ್ಕ ವರದಿ, 17ಕ್ಕ ಜಾರಿ. ಮಹಾಜನ ಸಾಹೇಬ್ರಿಗೆ ಇದನ್ನ ಯಾರರೆ ಹೇಳಬೇಕಾಗಿತ್ತು.

ಆದರೆ ಕಾವಲುಗಾರನಿಗೆ ಈ ಕೆಲಸ ಹೇಗೆ ಬಂತು?

ಕೆಲಸ ಬದಲಾದದ್ದು ಕಮ್ಮಿ, ಕರಿಯಾವರು ಬದಲಾದದ್ದು ಹೆಚ್ಚ. ಜೀನಿನ ಮುಂದ ಒಂದು ತುಣುಕು ಇರತದ, ಯಾವಾಗ ಎದ್ದೇಳಬೇಕು ಅಂತ ಹೇಳೂದು ಅದು. ಒಮೇಗಾಗ ವೈರಸ್‌ ಬಂದ್ರ ಗಂಟಿ ಬಾರಸತದ. ಟೌನ ಆ ಗಂಟಿ ಕಿತ್ತು ಹೋಗ್ಯದ. ಈಗ ವೈರಸ್‌ ಬಂದು ಬಡಕೊಂಡ್ರೂ ಅಂವ ಏಳೂದಿಲ್ಲ, ಭ್ರೂಣದ ಹೊರಪದರು ಕರದ್ರ ಮಾತ್ರ ಏಳ್ತಾನ. ಪ್ರಯೋಗಶಾಲ್ಯಾಗ ಕೊಟ್ಟು ನೋಡಿದ್ರ ವೈರಸ್‌ ತಡಿಯೋ ಹಳೇ ವಿದ್ಯಾ ಇನ್ನೂ ಅದ. ಲಾಠಿ ಮನ್ಯಾಗ ಇಟ್ಟು ಸೂಲಗಿತ್ತಿ ಸಂಗಡ ಹೊಂಟಾನ, ಅಷ್ಟ. ಕುರಿ ಭ್ರೂಣ ಬಿಡೋ ಈ ಪ್ರೋಟೀನನ್ನ ಪಂಡಿತರು ಮೊದಲು ಬ್ಯಾರೆ ಹೆಸರಿನಿಂದ ಕರೀತಿದ್ರು. 1987ರಾಗ ಅದರ ಅಕ್ಷರಮಾಲೆ ಓದಿದಾಗ, ಅಯ್ಯೋ ಇಂವ ಇಂಟರ್‌ಫೆರಾನ್‌ ಮನಿಯಂವ ಅಂತ ಗಾಬರಿಯಾದ್ರು.

ಎಲ್ಲ ಸಸ್ತನಿಗಳಲ್ಲೂ ಟೌ ಇದ್ದಾನೆಯೆ?

ಇಲ್ಲ. ಆಕಳ, ಎಮ್ಮಿ, ಕುರಿ, ಮ್ಯಾಕಿ, ಜಿರಾಫ, ಈ ಕಡೆಯವರಿಗೆ. ಹಂದಿಗಿಲ್ಲ, ಒಂಟಿಗಿಲ್ಲ. ನಿಮಗೂ ಇಲ್ಲ. ನಿಮ್ಮ ಭ್ರೂಣ ಎಚ್‌ಸಿಜಿ ಅನ್ನೋ ಹಾರ್ಮೋನು ಕಳಸತದ, ಅದೂ ಇನ್ನೊಂದು ಮನೆತನದ ಝೆರಾಕ್ಸ್‌. ನಮಗಂತೂ ಟೌ ಇಲ್ಲದ ನಡಿಯೂದಿಲ್ಲ. ಹರಿಯಾಣದ ಕರ್ನಾಲದಾಗ 2009ರಾಗ ಎಮ್ಮಿಯ ತದ್ರೂಪಿ ಕರ ಹುಟ್ಟಿಸಿದ್ರು ಅಂತ ಪೇಪರನ್ಯಾಗ ದೊಡ್ಡದಾಗಿ ಬಂದಿತ್ತು. ಗಂಡು ಬ್ಯಾಡ, ವೀರ್ಯ ಬ್ಯಾಡ ಅಂದ್ರೂ ಒಳಗ ಉಳೀಬೇಕಂದ್ರ ಆ ಭ್ರೂಣನೂ ಟೌನ ಕೈಯಾಗ ಅರ್ಜಿ ಕೊಟ್ಟು ಕಳಸಬೇಕು.

ಕುಟುಂಬ ದೊಡ್ಡದಾದಷ್ಟೂ ಒಳ್ಳೆಯದು ಅನ್ನಬಹುದೆ?

ಅದೇನಿಲ್ಲ. ಆಸ್ಟ್ರೇಲಿಯಾದ ಕಪ್ಪು ಹಣ್ಣುಬಾವಲಿಗೆ ಆಲ್ಫಾ ಜೀನು ಬರೇ ಮೂರ ಅವ ಅಂತ 2016ರಾಗ ಸುದ್ದಿ ಬಂತು. ಆದ್ರ ಮೂವರೂ ವೈರಸ್‌ ಇರಲಿ ಬಿಡಲಿ ಡ್ಯೂಟಿ ಮ್ಯಾಲ ಇರ್ತಾರ. ನಿಮ್ಮ 13 ಮಂದಿ ಗಂಟಿ ಬಾರಿಸೂತನಕ ಮಲಗ್ತಾರ. ಸಿಬ್ಬಂದಿ ಕಡಿಮಿ ಅದ, ಅದಕ್ಕ ಕೆಲಸ ಆಗಿಲ್ಲ ಅನ್ನೋರಿಗೆ ಆ ಬಾವಲಿ ತೋರಸು.

ಇಷ್ಟೆಲ್ಲ ಹೇಗೆ ತಿಳಿದುಕೊಂಡಿರಿ?

ಹೊಟ್ಯಾಗ ನಾಕು ಖೋಲಿ ಅವ. ನಿಧಾನಕ್ಕ ಮೆಲಕು ಹಾಕಿದ್ರ ಪಿಎಚ್‌ಡಿನೂ ಅರಗತದ.

ಕೊನೆಯ ಪ್ರಶ್ನೆ, ಬೇಸರ ಮಾಡಬೇಡಿ. ಈಗ ಗಬ್ಬವೇ?

ಇಂಜೆಕ್ಷನ್‌ ಮಾಡಿಸಿ ಮೂರು ವಾರ ಆಯ್ತು, ಬೆದಿ ಬಂದಿಲ್ಲ. ಡಾಕ್ಟರು ಬಂದು ಕೈ ಹಾಕಿ ನೋಡೂದು ಎರಡು ತಿಂಗಳ ಮ್ಯಾಲ. ಅಲ್ಲೀತನಕ ಮಾಲಕನ ಮುಂದ ಬಾಯಿ ಬಿಡಬ್ಯಾಡ. ಗಬ್ಬದ ಎಮ್ಮಿ ಅಂದ್ರ ಬಜಾರದಾಗ ರೇಟು ಏರತದ, ಅಂವ ನನ್ನ ಸೊಲ್ಲಾಪುರಕ್ಕ ಹೊಡಕೊಂಡು ಹೋಗ್ತಾನ.