ಶಕಟ ಜೀರ್ಣೋದ್ಧಾರ

ದೇವಾಲಯವೊಂದು ಜೀರ್ಣವಾದರೆ ಅದರ ಉದ್ಧಾರಕ್ಕೆ ದಾನಿಗಳು ದೊರೆಯುತ್ತಾರೆ. ಇಪ್ಪತ್ತು ಸಂವತ್ಸರಗಳನ್ನು ಕಂಡ ಪುಟ್ಟ ಮೋಟಾರು ಗಾಡಿಗೆ, ಅದರಲ್ಲಿಯೂ ಲೆಸ್ಟರ್ ನಗರದಲ್ಲಿ ನೆಲೆಸಿದ ಕನ್ನಡಿಗನ ಗಾಡಿಗೆ, ದೊರೆಯುವವರು ಉಪದೇಶಕರು ಮಾತ್ರ. ಇಂಗ್ಲೆಂಡಿನಲ್ಲಿ ಮೂರು ವರ್ಷ ತುಂಬಿದ ಕಾರು ವರ್ಷಕ್ಕೊಮ್ಮೆ ಎಂ.ಓ.ಟಿ. ಎಂಬ ಪರೀಕ್ಷೆಯಲ್ಲಿ ಉತ್ತೀರ್ಣವಾಗತಕ್ಕದ್ದು. 1960ರಲ್ಲಿ ಈ ಪದ್ಧತಿ ಮೊದಲಾದಾಗ ಹತ್ತು ವರ್ಷ ದಾಟಿದ ವಾಹನಗಳಿಗೆ ಮಾತ್ರ ಈ ಶಿಕ್ಷೆಯಿತ್ತು. 2018ರಿಂದೀಚೆಗೆ ದೋಷಗಳನ್ನು ಅಪಾಯಕರ, ಪ್ರಮುಖ, ಅಲ್ಪ ಎಂದು ತ್ರಿವಿಧವಾಗಿ ವಿಂಗಡಿಸುತ್ತಾರೆ. ಈ ವರ್ಗೀಕರಣವು ನನ್ನ ಮಡದಿಗೆ ಬಹಳವಾಗಿ ಮೆಚ್ಚಿಕೆಯಾಗಿ, ಆಕೆ ಅದನ್ನು ನನ್ನ ಕಡೆಯ ಬಂಧುವರ್ಗಕ್ಕೂ ಅನ್ವಯಿಸಿರುವಳು.

ನಮ್ಮ ಗಾಡಿಯ ವ್ಯಾಧಿಗೆ ಮೂಲ ಲವಣ. ಚಳಿಗಾಲದ ಇರುಳು ರಸ್ತೆಗಳು ಹೆಪ್ಪುಗಟ್ಟದಿರಲೆಂದು ಇಲ್ಲಿ ಕಲ್ಲುಪ್ಪನ್ನು ಎರಚುವರು. ಚೆಷೈರ್ ಸೀಮೆಯ ವಿನ್ಸ್‌ಫರ್ಡಿನಲ್ಲಿ 1844ರಲ್ಲಿ ಆರಂಭವಾದ ಗಣಿಯೇ ಇಂದಿಗೂ ಇದಕ್ಕಾಗಿ ಉಪ್ಪನ್ನು ಒದಗಿಸುತ್ತಿದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ನಮ್ಮ ಗಾದೆಯನ್ನು ಈ ಗಾಡಿಯಷ್ಟು ಶ್ರದ್ಧೆಯಿಂದ ಪಾಲಿಸಿದ ಪ್ರಾಣಿಯನ್ನು ನಾನು ಕಂಡಿಲ್ಲ. ಬಾಗಿಲುಗಳ ಕೆಳಗಿನ ಉಕ್ಕಿನ ಪಟ್ಟಿಯು ವರ್ಷವರ್ಷವೂ ಉಪ್ಪನ್ನು ತಿಂದು, ಮಳೆಯನ್ನು ಕುಡಿದು, ಕಡೆಗೆ ಕರಿದ ಹಪ್ಪಳದಂತೆ ಗುಳ್ಳೆಯೆದ್ದು, ಬೆರಳಿನಿಂದ ಒತ್ತಿದರೆ ಪುಡಿಯಾಗುವ ಸ್ಥಿತಿಗೆ ಬಂದಿತ್ತು. ವೆಲ್ಡಿಂಗ್ ಮಾಡಿಸಿದ್ದಾಯಿತು, ಆ ಬಿಲ್ಲಿನ ವಿಚಾರ ಇಲ್ಲಿ ಬೇಡ.

ಇಂಥ ಸಮಯದಲ್ಲಿ ಆರು ತಿಂಗಳ ವೀಸಾ ಪಡೆದು ಹಾಸನದಿಂದ ಬಂದಿಳಿದವರು ನಮ್ಮ ಮಾವನವರು. 1948ರಲ್ಲಿ 120 ಬಸ್ಸುಗಳಿಂದ ಮೊದಲಾದ ಮೈಸೂರು ಸರ್ಕಾರಿ ಸಾರಿಗೆಯ ಪರಂಪರೆಯಲ್ಲಿ, ಡಿಪೋ ಒಂದರ ಮೆಕ್ಯಾನಿಕ್ಕಾಗಿ ಜೀವಮಾನವನ್ನೆಲ್ಲ ಸವೆಸಿದ ಆ ಹಿರಿಯರು, ಪ್ರಯಾಣದ ಆಯಾಸವನ್ನೂ ಲೆಕ್ಕಿಸದೆ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ತಮ್ಮ ಕಿವಿಗೂ ಒತ್ತಿ, ಕಣ್ಮುಚ್ಚಿ ನಿಂತರೆಂದರೆ, ಬೀದಿಯಲ್ಲಿ ನಾಯಿಗಳೊಡನೆ ಸಂಚರಿಸುವ ಆಂಗ್ಲ ಮಹನೀಯರು ತಾವಾಗಿಯೇ ಧ್ವನಿ ತಗ್ಗಿಸುವರು. “ವಾಟರ್ ಪಂಪಿನ ಬೇರಿಂಗು” ಎಂದು ತೀರ್ಪಾಯಿತು. ಅದು ಸರಿಯಾಗಿಯೂ ಇತ್ತು. ಬಾನೆಟ್ಟಿನೊಳಗಿನಿಂದ “ಹತ್ತು-ಹನ್ನೊಂದು ಕೊಡೋ” ಎಂಬ ಆಜ್ಞೆ ಹೊರಟಾಗ, ಎರಡೂ ತುದಿಗಳಿಗೆ ಎರಡು ಅಳತೆಯಿರುವ ನಮ್ಮೂರ ಸ್ಪ್ಯಾನರನ್ನು ಎಂದೂ ಕಾಣದ ಮೊಮ್ಮಗನು, “ಹತ್ತೋ, ಹನ್ನೊಂದೋ, ತಾತಾ?” ಎಂದು ಬಹಳ ವಿನಯದಿಂದ ಕೇಳುತ್ತ ನಿಂತನು.

ಪರೀಕ್ಷೆಯ ಹಿಂದಿನ ದಿನವೇ ಆಯುಧಪೂಜೆ ಬಂದುದು ಮಾವನವರ ದೃಷ್ಟಿಯಲ್ಲಿ ಕಾಕತಾಳೀಯವಲ್ಲ. ಬೆಲ್‌ಗ್ರೇವ್ ರಸ್ತೆಯ ಅಂಗಡಿಗಳನ್ನು ಶೋಧಿಸಿ ತಂದ ಬೂದುಗುಂಬಳಕ್ಕೆ ಕುಂಕುಮವನ್ನು ಉದಾರವಾಗಿ ತುಂಬಿ, ಗಾಡಿಯ ಮುಂದೆ ಒಡೆದು, ನಿಂಬೆಹಣ್ಣುಗಳ ಮೇಲೆ ಚಕ್ರಗಳನ್ನು ಹಾಯಿಸಿ, ಆ ರಕ್ತವರ್ಣದ ಓಕುಳಿಯಲ್ಲಿಯೇ ಮೂರು ಬಾರಿ ಹಿಂದಕ್ಕೂ ಮುಂದಕ್ಕೂ ಓಡಿಸಿದೆವು. ಎದುರು ಮನೆಯ ವೃದ್ಧೆ ಆಂಬ್ಯುಲೆನ್ಸ್ ಬೇಕೇ ಎಂದು ವಿಚಾರಿಸಿದರು.

ಮರುದಿನ ಪರೀಕ್ಷಕರು ಗಾಡಿಯನ್ನು ಮೇಲಕ್ಕೆತ್ತಿ ದೀಪ ಹಿಡಿದು ನೋಡುತ್ತಾರೆ, ಗೇರುಪೆಟ್ಟಿಗೆಯ ತಳವೆಲ್ಲ ಕೆಂಪು! ಆಟೊಮ್ಯಾಟಿಕ್ ಗೇರಿನ ಎಣ್ಣೆಯ ಬಣ್ಣವೂ ಕೆಂಪೇ ಆದುದರಿಂದ, ಇಷ್ಟು ಸೋರುವ ಗಾಡಿಗೆ ಪಾಸು ಕೊಡಲಾಗದೆಂದು ಅವರು ಗಂಭೀರವಾಗಿ ತಲೆಯಾಡಿಸಿದರು. ನಾನು ವಿವರಿಸಲು ಆಂಗ್ಲ ಪದಗಳನ್ನು ಹುಡುಕುತ್ತಿರುವಷ್ಟರಲ್ಲಿ ಮಾವನವರು ಮುಂದೆ ಬಂದು, ಆ ಕೆಂಪನ್ನು ಅನಾಮಿಕೆಯಿಂದ ತೆಗೆದು, ಮಾತಿಲ್ಲದೆ ತಮ್ಮ ಹಣೆಗೆ ಇಟ್ಟುಕೊಂಡರು. ಪರೀಕ್ಷಕರು ಕೊಂಚ ಹೊತ್ತು ಅವರ ಹಣೆಯನ್ನೂ ಗೇರುಪೆಟ್ಟಿಗೆಯನ್ನೂ ನೋಡಿ, ಬಟ್ಟೆಯಿಂದ ಒರಸಿ, ಸೋರಿಕೆಯೇನೂ ಇಲ್ಲವೆಂಬುದನ್ನು ಮನಗಂಡು, ಪಾಸು ಬರೆದರು.

ಹೊಸ ವಿದ್ಯುತ್ ಕಾರಿನ ಚಿತ್ರಪುಸ್ತಿಕೆಯನ್ನು ಆಗಲೇ ಅಡಿಗೆಮನೆಯ ಮೇಜಿನ ಮೇಲೆ ಹರಡಿಕೊಂಡಿದ್ದ ಮಡದಿ, ನಡೆದುದನ್ನೆಲ್ಲ ಕೇಳಿ, ಪುಸ್ತಿಕೆಯನ್ನು ಮಡಿಸಿಟ್ಟು ಹೇಳಿದಳು: “ಮುಂದಿನ ವರ್ಷ ನೀವು ಹಾಸನದಲ್ಲೇ ಇರಿ ಅಪ್ಪಾ. ಕುಂಬಳಕಾಯಿ ನಾನೇ ಒಡೆಯುತ್ತೇನೆ. ಎರಡು.”